ಕಷ್ಟದ ನಡುವೆ ದೇವರ ಉಪಕಾರ ಸ್ಮರಣೆ: ಬೇಡುವ ಮಾತು ಬರುತ್ತದೆ, ಇದು ಬರುತ್ತಿಲ್ಲ

ತುಂಬೆಹೂ (ಚರ್ಚೆ ಆರಂಭಿಸಿದವರು) · ಭಾನುವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಅಪರೂಪ.

ಯುಗಾದಿಗೆ ಸ್ವಲ್ಪ ಮುಂಚೆ ನಮ್ಮ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ನಿಂತುಹೋಗಿದೆ. ಅದೇ ಹೊತ್ತಿಗೆ ಯಜಮಾನರ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡಿದರು. ಪಟ್ಟಿಯಲ್ಲಿ ಇವರ ಹೆಸರೂ ಇತ್ತು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ನಾನು ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ, ಸದ್ಯ ಮನೆ ನಡೆಯುತ್ತಿರುವುದು ಆ ಸಂಬಳದಲ್ಲಿ.

ಅನುಕಂಪ ಕೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ನೋಡಲು ಬರುವ ನೆಂಟರೆಲ್ಲ ಒಂದೇ ಮಾತು ಹೇಳಿ ಹೋಗುತ್ತಾರೆ. "ತಲೆಗೆ ಬಂದದ್ದು ರುಮಾಲಿಗೆ ಹೋಯಿತು ಎಂದುಕೊ. ಜೀವ ಉಳಿಯಿತಲ್ಲ, ದೇವರಿಗೆ ಕೈಮುಗಿ." ಒಬ್ಬರಂತೂ ಕಾಫಿ ಕುಡಿಯುತ್ತಾ, ತಮ್ಮ ಬೀದಿಯಲ್ಲಿ ಯಾರಿಗೋ ಇದಕ್ಕಿಂತ ಕೆಟ್ಟದ್ದಾದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿ, "ಅವರನ್ನು ನೋಡಿದರೆ ನಿಮ್ಮದು ಪುಣ್ಯ" ಎಂದು ಲೋಟ ಕೆಳಗಿಟ್ಟರು. ಅಂದರೆ ಯಾರೋ ನಮಗಿಂತ ಹೆಚ್ಚು ನರಳಿದರೆ ನಾನು ದೇವರಿಗೆ ಋಣಿಯಾಗಬೇಕೇ?

ನಾನು ನಾಸ್ತಿಕಳಲ್ಲ. ಬೆಳಿಗ್ಗೆ ಸಂಜೆ ದೀಪ ಹಚ್ಚುತ್ತೇನೆ. ಕೈಮುಗಿದು ನಿಂತರೆ ಬೇಡುವ ಮಾತು ತಾನಾಗಿಯೇ ಬರುತ್ತದೆ. ಉಪಕಾರ ಸ್ಮರಣೆಯ ಮಾತು ಬರುವುದಿಲ್ಲ. ಬಲವಂತವಾಗಿ ಹೇಳಿದರೆ ದೇವರ ಎದುರೇ ಸುಳ್ಳು ಹೇಳಿದ ಹಾಗೆ. ಸಂಕಟ ಬಂದಾಗ ವೆಂಕಟರಮಣ ಎಂದು ಕರೆಯುವುದು ಎಲ್ಲರಿಗೂ ಬರುತ್ತದೆ. ಸಂಕಟ ಕಳೆಯುವ ಮುಂಚೆಯೇ ಅವನಿಗೆ ಕೃತಜ್ಞತೆ ಹೇಳುವವರು ಇಲ್ಲಿ ಯಾರಾದರೂ ಇದ್ದೀರಾ? ದಯವಿಟ್ಟು ಉಪದೇಶ ಬೇಡ. ನೀವು ನಿಜವಾಗಿ ಏನು ಮಾಡುತ್ತೀರಿ ಎಂಬುದನ್ನಷ್ಟೇ ಹೇಳಿ.

ಹಳೇಸೇತುವೆ · ಸೋಮವಾರ, ಬೆಳಿಗ್ಗೆ 5:10

ತಂಗಿ, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ನನಗೆ ಎಪ್ಪತ್ತು ದಾಟಿದೆ, ಕಂಡದ್ದನ್ನು ಹೇಳುತ್ತೇನೆ. ದೇವರು ಪರೀಕ್ಷೆಗೆ ಒಡ್ಡುವುದು ತಡೆದುಕೊಳ್ಳಬಲ್ಲವರನ್ನೇ. ಆಗುವುದೆಲ್ಲ ಒಳ್ಳೆಯದಕ್ಕೇ ಎಂದು ಒಪ್ಪಿಕೊಂಡುಬಿಟ್ಟರೆ ಅರ್ಧ ಭಾರ ಇಳಿಯುತ್ತದೆ. ಸ್ನಾನವಾದ ಮೇಲೆ ನೂರೆಂಟು ಬಾರಿ ನಾಮಸ್ಮರಣೆ ಮಾಡಿ. ಕೃತಜ್ಞತೆ ತಾನಾಗಿ ಹುಟ್ಟುತ್ತದೆ.

ನೇರನುಡಿ · ಸೋಮವಾರ, ಬೆಳಿಗ್ಗೆ 8:45

ಹಿರಿಯರೇ, ಉಪದೇಶ ಬೇಡ ಎಂದು ಅವರು ಕೇಳಿಕೊಂಡ ಮೇಲೆ ಮೊದಲು ಬಂದದ್ದೇ ಉಪದೇಶ!

ನನಗೆ ದೇವರಲ್ಲಿ ನಂಬಿಕೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಗಡುವಿನೊಳಗೆ ಆಸ್ಪತ್ರೆ ಮುಟ್ಟಿಸಿದ ಚಾಲಕ, ಸ್ಕ್ಯಾನ್ ಮಾಡಿದ ತಂತ್ರಜ್ಞ, ರಾತ್ರಿಯೆಲ್ಲ ರಕ್ತದೊತ್ತಡ ನೋಡಿದ ನರ್ಸ್, ಇವರೆಲ್ಲ ಕಣ್ಣಿಗೆ ಕಾಣುವ ಜನ. ದುಡಿದವರು ಇಲ್ಲಿ, ಕೈಮುಗಿಯುವುದು ಮೇಲಕ್ಕೆ. ಈ ಲೆಕ್ಕ ನನಗೆ ಎಂದೂ ಅರ್ಥವಾಗಿಲ್ಲ. ಅಕ್ಕಾ, ನಿಮಗೆ ಮಾತು ಬಾರದಿರುವುದು ನಿಮ್ಮ ಪ್ರಾಮಾಣಿಕತೆ. ಅದಕ್ಕೆ ಔಷಧ ಹುಡುಕಬೇಡಿ.

ರಾತ್ರಿಪಾಳಿ · ಸೋಮವಾರ, ಮಧ್ಯಾಹ್ನ 1:30

ನರ್ಸ್ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ನರರೋಗ ವಾರ್ಡಿನಲ್ಲಿ ಕೆಲಸ ಮಾಡುವವಳು. ರೋಗಿಯನ್ನು ಮನೆಗೆ ಕಳುಹಿಸುವ ದಿನ ಮನೆಯವರು ಸಿಹಿ ತರುತ್ತಾರೆ. ಗೋಡೆಯ ಮೇಲಿನ ಗಣಪತಿ ಪಟಕ್ಕೆ ಒಂದು ಪೇಡ, ನಮಗೆ ಉಳಿದ ಡಬ್ಬಿ. ನೇರನುಡಿಯವರೇ, ಈ ಹಂಚಿಕೆಯಲ್ಲಿ ನಮಗೆ ನಷ್ಟವಾದದ್ದು ನೆನಪಿಲ್ಲ. ದೇವರಿಗೆ ಕೈಮುಗಿದವರು ನಮ್ಮನ್ನು ಮರೆತದ್ದು ಕಡಿಮೆ. ಯಾರಿಗೂ ಕೈಮುಗಿಯದೆ ಬಿಲ್ಲಿನ ಮೇಲೆ ಜಗಳ ತೆಗೆದು ಹೋದವರೂ ಇದ್ದಾರೆ, ಅದು ಬೇರೆ ಮಾತು.

ತುಂಬೆಹೂ ಅಕ್ಕಾ, ನನ್ನಿಂದ ಆಗುವುದು ಇಷ್ಟು. ಅತ್ತೆಯವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಸಿಗೆಯ ಬಟ್ಟೆಯಲ್ಲಿ ಸುಕ್ಕು ಇರಬಾರದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಿ. ತಿನ್ನಿಸುವಾಗ ನೆಟ್ಟಗೆ ಕೂರಿಸಿ, ಮಲಗಿಸಿ ತಿನ್ನಿಸಲೇಬೇಡಿ. ನೀರು ಕುಡಿಯುವಾಗ ಕೆಮ್ಮು ಬಂದರೆ ಅಥವಾ ದನಿ ತೇವವಾದಂತೆ ಕೇಳಿದರೆ ನುಂಗುವ ಶಕ್ತಿಯನ್ನು ಪರೀಕ್ಷಿಸಲು ವೈದ್ಯರಿಗೆ ಹೇಳಿ. ದೇವರ ವಿಷಯ ನೀವು ನೀವೇ ನೋಡಿಕೊಳ್ಳಿ. ಬೆನ್ನಿನಲ್ಲಿ ಹುಣ್ಣಾಗದಿದ್ದರೆ ನಾನು ಅವನಿಗೆ ಕೈಮುಗಿಯುತ್ತೇನೆ.

ಎರೆಹೊಲ · ಸೋಮವಾರ, ರಾತ್ರಿ 9:05

ನಮ್ಮದು ಗದಗ ಜಿಲ್ಲೆ, ಒಕ್ಕಲುತನದ ಮನೆ. ಕೇಳಿದ್ದು "ಏನು ಮಾಡುತ್ತೀರಿ" ಎಂದು, ಆದ್ದರಿಂದ ಮಾಡಿದ್ದನ್ನು ಹೇಳುತ್ತೇನೆ.

2023 ನಿಮಗೆ ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ. ನಮ್ಮಲ್ಲಿ ಮುಂಗಾರಿನ ಹೆಸರುಕಾಳಿನ ಬೆಳೆ ಕೈಕೊಟ್ಟಿತು. ಹಿಂಗಾರಿಯಾದರೂ ಹಿಡಿದೀತು ಎಂದು ಸಾಲ ತಂದು ಕಡಲೆ ಬಿತ್ತಿದರೆ ಅದು ಗೇಣುದ್ದ ಬಂದು ನಿಂತಿತು. ಪರಿಹಾರದ ಮೊದಲ ಕಂತು ಎಂದು ರೈತನಿಗೆ ಗರಿಷ್ಠ 2,000 ರೂಪಾಯಿ ಪ್ರಕಟವಾಯಿತು. ಬೀಜದ ಅಂಗಡಿಯವನ ಬಾಕಿ ಅದಕ್ಕಿಂತ ಎಷ್ಟೋ ಪಟ್ಟು.

ಎಳ್ಳು ಅಮಾವಾಸ್ಯೆ 2024ರ ಜನವರಿ 11ಕ್ಕೆ ಬಂತು. ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡುತ್ತೇವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಮಾಡಿದ್ದರಲ್ಲೆಲ್ಲ ಒಂದಿಷ್ಟು ಕಲಸಿಕೊಂಡು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಬೇಕು. ಒಬ್ಬರು ಚರಗ ಚೆಲ್ಲುತ್ತಾ ಮುಂದೆ, ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತಾ ಹಿಂದೆ. "ಹುಲ್ಲುಲ್ಲಿಗೋ" ಎಂದು ಒಬ್ಬರು ಕೂಗಿದರೆ "ಚಳ್ಳಂಬರಿಗೋ" ಎಂದು ಹಿಂದಿನವರು ಓಗೊಡಬೇಕು. ಈ ಕೂಗು ಊರೂರಿಗೆ ಸ್ವಲ್ಪ ಬೇರೆ ಬೇರೆ.

ಆ ವರ್ಷ ಅಪ್ಪ ಬೆಳಿಗ್ಗೆಯೇ ಕಟ್ಟೆಯ ಮೇಲೆ ಕೂತು "ಹೊಲದಲ್ಲಿ ಏನಿದೆ ಎಂದು ಚರಗ?" ಎಂದರು. ಒಳಗಿನಿಂದ ಅವ್ವ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಹೋದ ವರ್ಷದ್ದು ಉಂಡಿದ್ದೀರಲ್ಲ, ಅದು ಎಲ್ಲಿಂದ ಬಂದಿತ್ತು?" ಎಂದಳು. ಅಪ್ಪ ಮರುಮಾತಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು.

ಎರೆ ನೆಲ ಒಣಗಿದರೆ ಬಿರುಕು ಬಿಡುತ್ತದೆ, ಬಯಲುಸೀಮೆಯವರಿಗೆ ಗೊತ್ತು. ಅವ್ವ ಚೆಲ್ಲಿದ ಕಡುಬಿನ ಚೂರುಗಳು ಒಂದೊಂದಾಗಿ ಆ ಬಿರುಕುಗಳ ಒಳಗೆ ಇಳಿದು ಕಾಣದಾದವು. ತಮ್ಮ ಕೂಗಿದ, ನಾನು ಓಗೊಟ್ಟೆ. ಕೂಗಿನಲ್ಲಿ ಹುರುಪು ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೃತಜ್ಞತೆ ಮನಸ್ಸಿನಲ್ಲಿ ಇತ್ತೇ ಎಂದು ಕೇಳಿದರೆ ನನ್ನ ಮಟ್ಟಿಗೆ ಇಲ್ಲ. ಸಿಟ್ಟಿತ್ತು. ಆದರೂ ಚರಗ ಚೆಲ್ಲಿದೆವು. ಅವ್ವನ ಲೆಕ್ಕದಲ್ಲಿ ಮನಸ್ಸು ಬಂದಾಗ ಮಾಡುವ ಕೆಲಸ ಅದಲ್ಲ. ಬಿತ್ತಿದವರು ಮಾಡಬೇಕಾದ ಕೆಲಸ, ಅಷ್ಟೇ.

ಅಕ್ಕಾವರೇ, ನೀವು ದೀಪ ಹಚ್ಚುತ್ತೀರಿ ಎಂದಿರಿ. ನನಗೆ ಕೇಳಿದರೆ ನೀವು ಹುಡುಕುತ್ತಿರುವುದು ಅದರಲ್ಲೇ ಆಗಿಹೋಗಿದೆ. ಬಾಯಿ ತಡವಾಗಿ ಬರಲಿ.

ಮಲೆಸೆರಗು · ಸೋಮವಾರ, ರಾತ್ರಿ 9:50

ಎರೆಹೊಲದವರ ಬರಹಕ್ಕೆ ನನ್ನದೊಂದು ಸೇರ್ಪಡೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ನಮ್ಮ ಗದ್ದೆಯ ಮೇಲೆ ಕೆಸರು ಬಂದು ಕೂತಿತು. ನವೆಂಬರ್‌ನಲ್ಲಿ ಹುತ್ತರಿ, ನಮ್ಮ ಹೊಸ ತೆನೆಯ ಹಬ್ಬ. ಕದಿರು ತೆಗೆಯಲು ನಮ್ಮಲ್ಲಿ ತೆನೆಯೇ ಇಲ್ಲ. ಪಕ್ಕದ ಮನೆಯವರು "ನಮ್ಮ ಗದ್ದೆಗೆ ಬನ್ನಿ" ಎಂದರು. ಅವರ ಗದ್ದೆಯಲ್ಲಿ ನಿಂತು "ಪೊಲಿ ಪೊಲಿ ದೇವಾ" ಎಂದು ಕೂಗಿದೆವು. ದೇವರ ಮೇಲೆ ಆ ವರ್ಷ ನನಗೆ ಹೇಳಿಕೊಳ್ಳುವ ಪ್ರೀತಿ ಇರಲಿಲ್ಲ. ಪಕ್ಕದ ಮನೆಯವರ ಮೇಲೆ ಇತ್ತು. ಎರಡೂ ಒಂದೇ ಕೂಗಿನಲ್ಲಿ ಹೋಯಿತು.

ಪೇಟೆಬೀದಿ · ಮಂಗಳವಾರ, ಬೆಳಿಗ್ಗೆ 7:15

ನನ್ನದೊಂದು ಸಂದೇಹ. ಹರಕೆಯನ್ನು ಕೃತಜ್ಞತೆ ಎನ್ನಬಹುದೇ? ಮಗನಿಗೆ ಹುಷಾರಿಲ್ಲದಾಗ ನಮ್ಮಮ್ಮ ಅರಿಶಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡಿಪು ಕಟ್ಟಿಟ್ಟರು. "ಗುಣವಾದರೆ ತಿರುಪತಿಗೆ ಬಂದು ಮುಡಿ ಕೊಡಿಸುತ್ತೇವೆ." ನನಗಂತೂ ಅದು ಶುದ್ಧ ವ್ಯಾಪಾರವಾಗಿ ಕಾಣುತ್ತದೆ. ಮಾಲು ಬಂದರೆ ಹಣ.

ತೆಂಕುತಿಟ್ಟು · ಮಂಗಳವಾರ, ಬೆಳಿಗ್ಗೆ 10:40

ಪೇಟೆಬೀದಿಯವರೇ, ವ್ಯಾಪಾರವೆಂದರೆ ಕೈಯಿಂದ ಕೈಗೆ ಆಗಬೇಕು. ನಮ್ಮ ಕಡೆ ಕಟೀಲು ಯಕ್ಷಗಾನ ಮೇಳಕ್ಕೆ ಹರಕೆ ಆಟ ಹೇಳಿಕೊಳ್ಳುತ್ತಾರೆ. ಆರೇಳು ಮೇಳಗಳು ಊರೂರು ತಿರುಗಿದರೂ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ನಾನು ಹುಟ್ಟುವಾಗ ಅಮ್ಮನಿಗೆ ಕಷ್ಟವಾಗಿ ಅಜ್ಜ ಹೇಳಿಕೊಂಡ ಆಟ ನಡೆದದ್ದು ನಾನು ಕಾಲೇಜಿನಲ್ಲಿದ್ದಾಗ. ಅಷ್ಟರಲ್ಲಿ ಅಜ್ಜ ತೀರಿಕೊಂಡಿದ್ದರು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಪ್ರಸಾದ ತೆಗೆದುಕೊಂಡವನು ನಾನು. ನನಗೆ ನೆನಪೇ ಇಲ್ಲದ ಸಂಕಟಕ್ಕೆ, ತೀರಿಹೋದವರು ಕೊಟ್ಟ ಮಾತಿಗೆ, ಊರಿಗೆಲ್ಲ ಊಟ ಹಾಕಿ ರಾತ್ರಿಯಿಡೀ ಆಟ. ಯಾವ ಅಂಗಡಿಯವನು ಇಷ್ಟು ಉದ್ದದ ಉದ್ರಿ ಕೊಡುತ್ತಾನೆ?

ಆದರೆ ಒಂದು ಮಾತು ನಿಜ. ಹರಕೆಯಲ್ಲಿ ಕೃತಜ್ಞತೆ ಬರುವುದು ಕೆಲಸ ಆದ ಮೇಲೆ. ತುಂಬೆಹೂ ಅವರು ಕೇಳಿದ್ದು ಆಗುವ ಮುಂಚಿನದ್ದು. ಅದಕ್ಕೆ ಹರಕೆಯಲ್ಲಿ ಉತ್ತರ ಇಲ್ಲ.

ನೇರನುಡಿ · ಮಂಗಳವಾರ, ಬೆಳಿಗ್ಗೆ 11:05

ಆಗದಿದ್ದವರ ಹರಕೆಯ ಬಗ್ಗೆಯೂ ಯಾರಾದರೂ ಬರೆಯಿರಿ. ಮುಡಿಪು ಕಟ್ಟಿಯೂ ಮಗು ಉಳಿಯದ ಮನೆಗಳಿವೆ. ಆ ಅರಿಶಿನದ ಬಟ್ಟೆಯನ್ನು ಅವರು ಏನು ಮಾಡುತ್ತಾರೆ?

ಹಳೇಸೇತುವೆ · ಮಂಗಳವಾರ, ಬೆಳಿಗ್ಗೆ 11:30

ಅದನ್ನೂ ತಲುಪಿಸುತ್ತಾರೆ, ಸ್ವಾಮಿ. ನಮ್ಮ ಮನೆಯಲ್ಲಿ ತಲುಪಿಸಿದ್ದೇವೆ. ನಿಮಗೆ ನಂಬಿಕೆ ಇಲ್ಲದಿದ್ದರೆ ಸುಮ್ಮನಿರಿ, ಇನ್ನೊಬ್ಬರ ನೋವನ್ನು ವಾದಕ್ಕೆ ಬಳಸಬೇಡಿ.

ನಿರ್ವಾಹಕರು · ಮಂಗಳವಾರ, ಮಧ್ಯಾಹ್ನ 12:00

ಇಬ್ಬರಿಗೂ ವಿನಂತಿ: ದೇವರು ಇದ್ದಾನೆಯೇ ಎಂಬ ಚರ್ಚೆಗೆ ಬೇರೆ ಎಳೆ ಇದೆ, ಅದು ಮುಗಿಯುವ ಲಕ್ಷಣವೂ ಇಲ್ಲ. ಇಲ್ಲಿ ಪ್ರಶ್ನೆ ಕೇಳಿದವರಿಗೆ ಉಪಯೋಗವಾಗುವುದನ್ನು ಬರೆಯಿರಿ.

ಕಡಲತಡಿ · ಮಂಗಳವಾರ, ಸಂಜೆ 6:20

ನಾನು ಮಂಗಳೂರಿನ ಕ್ಯಾಥೊಲಿಕ್, ಈಗ ಕುವೈತ್‌ನಲ್ಲಿದ್ದೇನೆ. ಸೆಪ್ಟೆಂಬರ್ 8ರಂದು ನಮಗೆ ಮೋಂತಿ ಹಬ್ಬ. ಮಾತೆ ಮರಿಯಮ್ಮನ ಜನ್ಮದಿನ, ಹೊಸ ತೆನೆಯ ಹಬ್ಬ ಎರಡೂ ಅಂದೇ. ಮಕ್ಕಳು ಹೂ ಅರ್ಪಿಸುತ್ತಾರೆ, ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು ಹೊಸತು ಊಟ ಮಾಡುತ್ತೇವೆ. ಮೀನಿಲ್ಲದೆ ನಡೆಯದ ಮನೆಗಳಲ್ಲೂ ಅಂದು ಸಸ್ಯಾಹಾರ. ಊರಲ್ಲಿ ಇಲ್ಲದವರಿಗೆ ಆ ತೆನೆಯ ಪಾಲನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ರೂಢಿ ಇದೆ.

ಕೊರೊನಾ ವರ್ಷ ನನ್ನ ಕೆಲಸ ಹೋಗಿತ್ತು. ವಿಮಾನವೂ ಇಲ್ಲ, ಸಂಬಳವೂ ಇಲ್ಲ. ಊರಿನಿಂದ ತೆನೆ ಹಬ್ಬ ಕಳೆದು ಎಷ್ಟೋ ದಿನದ ಮೇಲೆ ಬಂತು. ಒಂದೇ ಕೋಣೆಯಲ್ಲಿದ್ದ ನಾವೆಲ್ಲ ಅದರ ನಾಲ್ಕು ಕಾಳು ಪುಡಿ ಮಾಡಿ ಪಾಯಸಕ್ಕೆ ಹಾಕಿ ಉಂಡೆವು. ನಮ್ಮಲ್ಲಿ ಇಬ್ಬರು ಕ್ರೈಸ್ತರೇ ಅಲ್ಲ.

ಇನ್ನೊಂದು ಸಂಗತಿ. ಬೈಬಲಿನ ಕೀರ್ತನೆಗಳು 150. ಅವೆಲ್ಲ ಸ್ತುತಿ ಎಂದುಕೊಂಡಿರುವವರೇ ಹೆಚ್ಚು, ಆದರೆ ಅವುಗಳಲ್ಲಿ ದೊಡ್ಡ ಪಾಲು ಗೋಳು. "ಎಷ್ಟು ಕಾಲ ಮುಖ ಮರೆಸಿಕೊಳ್ಳುತ್ತೀ?" ಎಂಬ ಧಾಟಿಯ ದೂರು. ಎಷ್ಟೋ ಕೀರ್ತನೆಗಳು ದೂರಿನಿಂದ ಆರಂಭವಾಗಿ ಕೃತಜ್ಞತೆಗೆ ಬಂದು ನಿಲ್ಲುತ್ತವೆ. 88ನೆಯದು ಮಾತ್ರ ಕೊನೆಯವರೆಗೂ ಕತ್ತಲೆಯಲ್ಲೇ ಇದೆ, ಒಂದು ಸಾಲೂ ತಿರುಗುವುದಿಲ್ಲ. ಅದನ್ನು ಯಾರೂ ತೆಗೆದುಹಾಕಲಿಲ್ಲ. ಪ್ರಾರ್ಥನೆಯ ಸಾಲಿನಲ್ಲೇ ಇಟ್ಟುಕೊಂಡಿದ್ದಾರೆ. ನಿಮ್ಮ ದೂರನ್ನೂ ದೀಪದ ಮುಂದೆಯೇ ಇಡಿ, ಬಚ್ಚಿಡಬೇಡಿ.

ತುಂಬೆಹೂ · ಮಂಗಳವಾರ, ರಾತ್ರಿ 11:45

ಎಲ್ಲರ ಬರಹವನ್ನೂ ಓದಿದೆ, ಕೆಲವನ್ನು ಯಜಮಾನರಿಗೂ ಓದಿ ಹೇಳಿದೆ. ರಾತ್ರಿಪಾಳಿಯವರೇ, ಮೀನಖಂಡದ ಕೆಳಗೆ ದಿಂಬು ಕೊಟ್ಟಿದ್ದೇವೆ.

ಒಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅತ್ತೆಗೆ "ನೀರು" ಎನ್ನಲು ಬರುವುದಿಲ್ಲ. ನನ್ನ ಹೆಸರು ಬರುವುದಿಲ್ಲ. ಬೇಕು ಬೇಡ ಎಂಬುದೂ ಅದಲು ಬದಲಾಗುತ್ತದೆ, ಅವರಿಗೇ ಅಳು ಬರುತ್ತದೆ. ಆದರೆ ಬೆಳಿಗ್ಗೆ ಎಚ್ಚರವಾದ ತಕ್ಷಣ ಅಂಗೈ ನೋಡಿಕೊಂಡು ಹೇಳುವ ಶ್ಲೋಕ ಇದೆಯಲ್ಲ, ಅದು ಒಂದು ಅಕ್ಷರ ತಪ್ಪದೆ ಬರುತ್ತದೆ. ಬಲಗೈ ಏಳುವುದಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಎತ್ತಿ ಎದೆಯ ಮೇಲೆ ತಂದಿಟ್ಟುಕೊಳ್ಳುತ್ತಾರೆ, ಮಡಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಅಷ್ಟು ಮಾಡಿ, ಎರಡೂ ಅಂಗೈ ನೋಡಿಕೊಂಡು ಶ್ಲೋಕ ಹೇಳುತ್ತಾರೆ.

ನೋಡಿದವರೆಲ್ಲ ದೇವರ ಮಹಿಮೆ ಎನ್ನುತ್ತಾರೆ. ನನಗೆ ಮೊದಮೊದಲು ಬಂದದ್ದು ಕೋಪ. ನೀರು ಕೇಳುವ ಒಂದು ಮಾತು ಕೊಡದೆ ಶ್ಲೋಕ ಮಾತ್ರ ಉಳಿಸಿದ ದೇವರು ಎಂಥವನು? ತನ್ನ ಹೊಗಳಿಕೆಯನ್ನಷ್ಟೇ ಉಳಿಸಿಕೊಂಡನೇ?

ಮಾತಿನಮನೆ · ಬುಧವಾರ, ಬೆಳಿಗ್ಗೆ 7:30

ಮೇಡಂ, ನಾನು ವಾಕ್ ಚಿಕಿತ್ಸಕಿ, ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ನೀವು ಬರೆದದ್ದನ್ನು ಓದಿ ಕೂತಲ್ಲಿ ಕೂರಲಾಗಲಿಲ್ಲ, ಏಕೆಂದರೆ ಇದು ನಮಗೆ ಬಹಳ ಬೇಕಾದ ಸುಳಿವು.

ಬಹಳಷ್ಟು ಜನರಲ್ಲಿ ಮಾತು ಕಟ್ಟುವ ಕೆಲಸ ಮಿದುಳಿನ ಎಡಭಾಗದ್ದು. ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಬಲಗಾಲು ಬೀಳುವುದು, ಜೊತೆಗೆ ಮಾತು ಹೋಗುವುದು ಅದಕ್ಕೇ. ಆದರೆ ವರ್ಷಗಳಿಂದ ದಿನವೂ ಹೇಳಿ ನಾಲಿಗೆಗೆ ಹತ್ತಿದ್ದು, ಶ್ಲೋಕ, ಹಾಡು, ವಾರದ ಹೆಸರು, ಒಂದು ಎರಡು ಎಣಿಸುವುದು, ಬೈಗುಳ ಕೂಡ, ಎಷ್ಟೋ ರೋಗಿಗಳಲ್ಲಿ ಉಳಿದಿರುತ್ತದೆ. ಹೊಸದಾಗಿ ವಾಕ್ಯ ಕಟ್ಟುವ ದಾರಿಯೇ ಬೇರೆ, ರೂಢಿಯಾದದ್ದು ಬರುವ ದಾರಿಯೇ ಬೇರೆ. ಇದನ್ನೇ ಹಿಡಿದು 1970ರ ದಶಕದಲ್ಲಿ ಬಾಸ್ಟನ್‌ನಲ್ಲಿ ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆಯನ್ನು ರೂಪಿಸಿದರು. ಎಡಗೈ ತಟ್ಟುತ್ತಾ, ಸಣ್ಣ ಸಣ್ಣ ಮಾತುಗಳನ್ನು ಏರಿಳಿತದಲ್ಲಿ ಹೇಳಿಸುತ್ತಾರೆ. ಎಲ್ಲರಿಗೂ ಫಲ ಸಿಗುತ್ತದೆ ಎನ್ನಲಾರೆ. ಪಾರ್ಶ್ವವಾಯು ಆದ ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆದ್ದರಿಂದ ತಡ ಮಾಡದೆ ಹತ್ತಿರದ ವಾಕ್ ಚಿಕಿತ್ಸಕರನ್ನು ಕಾಣಿ.

ಮನೆಯಲ್ಲಿ ಒಂದು ಕೆಲಸ ಮಾಡಬಹುದು. ಶ್ಲೋಕ ಮುಗಿದ ಕೂಡಲೇ, ಅದೇ ಧಾಟಿಯಲ್ಲಿ "ನೀ...ರು" ಎಂದು ನೀವು ಹೇಳಿ, ಲೋಟ ತೋರಿಸಿ, ಅವರ ಎಡಗೈಯನ್ನು ಮೆಲ್ಲಗೆ ತಟ್ಟಿ. ಬಾರದಿದ್ದರೆ ಒತ್ತಾಯ ಬೇಡ, ನೀರು ಕೊಟ್ಟುಬಿಡಿ.

ದೇವರು ಏಕೆ ಅದನ್ನು ಮಾತ್ರ ಉಳಿಸಿದ ಎಂಬುದಕ್ಕೆ ನನ್ನಲ್ಲಿರುವ ಉತ್ತರ ಇಷ್ಟೇ: ಉಳಿಸಿಕೊಂಡವರು ನಿಮ್ಮ ಅತ್ತೆ, ದಿನವೂ ಹೇಳಿ ಹೇಳಿ.

ಎರೆಹೊಲ · ಬುಧವಾರ, ಬೆಳಿಗ್ಗೆ 8:10

ಮೇಲಿನ ಕೊನೆಯ ಸಾಲನ್ನು ಅವ್ವನಿಗೆ ಓದಿ ಹೇಳಿದೆ. "ಮತ್ತೆ, ನಾನೇನು ಹೇಳಿದೆ?" ಎಂದಳು. ಏನು ಹೇಳಿದ್ದಳೋ ನನಗೆ ನೆನಪಿಲ್ಲ, ತಲೆಯಾಡಿಸಿದೆ.

ಗುಲ್‌ಮೊಹರ್ · ಬುಧವಾರ, ಮಧ್ಯಾಹ್ನ 2:15

ಹುಬ್ಬಳ್ಳಿಯಿಂದ. ನಮ್ಮ ಅಬ್ಬಾಗೆ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ನೀರಿಗೂ ಲೆಕ್ಕ. ವೈದ್ಯರು ಹೇಳಿದಷ್ಟನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಸಿ ಇಡುತ್ತೇವೆ, ರಾತ್ರಿಯವರೆಗೆ ಅದೇ. ಬೇಸಿಗೆಯಲ್ಲಿ ಅದರ ಕಷ್ಟ ನೋಡಿದವರಿಗೇ ಗೊತ್ತು. ಅಬ್ಬಾ ಮುಚ್ಚಳದಲ್ಲಿ ಅಳೆದು ಗುಟುಕರಿಸುತ್ತಾರೆ. ಗುಟುಕಿಗೆ ಮುಂಚೆ ಬಿಸ್ಮಿಲ್ಲಾಹ್ (ದೇವರ ಹೆಸರಿನಲ್ಲಿ), ಆದ ಮೇಲೆ ಅಲ್ಹಮ್ದುಲಿಲ್ಲಾಹ್ (ದೇವರಿಗೆ ಸ್ತುತಿ). ಒಂದು ಮುಚ್ಚಳ ನೀರಿಗೆ!

ಅವರೇನು ಸಂತರಲ್ಲ. ಸಾರಿನಲ್ಲಿ ಉಪ್ಪಿಲ್ಲ ಎಂದು ಅಮ್ಮಿಯ ಮೇಲೆ ದಿನವೂ ಎಗರಾಡುತ್ತಾರೆ. ಯಂತ್ರದ ಸೂಜಿ ಚುಚ್ಚುವಾಗ ಅವರ ಬಾಯಿಂದ ಬರುವ ಮಾತನ್ನು ಇಲ್ಲಿ ಬರೆದರೆ ನಿರ್ವಾಹಕರು ಅಳಿಸುತ್ತಾರೆ. ಶುಕ್ರ್ ಮತ್ತು ಸಬ್ರ್ ಜೋಡಿ ಎಂದು ನಮ್ಮಲ್ಲಿ ಹೇಳುತ್ತಾರೆ, ಉಪಕಾರ ಸ್ಮರಣೆ ಮತ್ತು ತಾಳ್ಮೆ. ನಮ್ಮ ಮನೆಯಲ್ಲಿ ಮೊದಲನೆಯದು ಅಬ್ಬಾನ ಪಾಲು, ಎರಡನೆಯದು ಅಮ್ಮಿಯ ಪಾಲು. ಬಾಜಿ, ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಅತ್ತೆಯವರು ಕೃತಜ್ಞತೆ ಹೇಳುತ್ತಿದ್ದಾರೆ, ನೀವು ಮಗ್ಗುಲು ಬದಲಿಸುತ್ತಿದ್ದೀರಿ. ಎರಡನ್ನೂ ಒಬ್ಬರೇ ಮಾಡಬೇಕೆಂದು ಯಾರು ಹೇಳಿದರು?

ಕಿಟಕಿಬಾಗಿಲು · ಬುಧವಾರ, ಸಂಜೆ 7:00

ನಾನು ಆಪ್ತಸಮಾಲೋಚಕ. ಕೃತಜ್ಞತೆಯ ದಿನಚರಿ ಬರೆಯಿರಿ ಎಂಬ ಸಲಹೆ ಈಗ ಎಲ್ಲೆಡೆ ಹರಿದಾಡುತ್ತಿದೆ, ಅದರ ಮೂಲದ ಬಗ್ಗೆ ನಾಲ್ಕು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಹತ್ತು ವಾರಗಳ ಕಾಲ, ವಾರಕ್ಕೊಮ್ಮೆ, ತಾವು ಋಣಿಯಾಗಿರುವ ಐದರವರೆಗಿನ ಸಂಗತಿಗಳನ್ನು ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೇಳಿಕೊಂಡರು. ಆ ಬಳಿಕ ಎಷ್ಟೋ ಅಧ್ಯಯನಗಳಾದವು, ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಖಿನ್ನತೆ, ಆತಂಕಗಳ ಮೇಲೆ ಇದರ ಪರಿಣಾಮ ಸಣ್ಣದು ಎಂದೇ ಕಂಡುಬಂತು. ಅಂದರೆ ಬರೆದರೆ ಕೆಡುಕಿಲ್ಲ. ಚಿಕಿತ್ಸೆ ಬೇಕಾದಲ್ಲಿ ಅದು ಚಿಕಿತ್ಸೆಗೆ ಬದಲಿಯಲ್ಲ.

ನೋವನ್ನು ಮುಚ್ಚಲು ಕೃತಜ್ಞತೆಯನ್ನು ಬಳಸಿದಾಗ ಅದು ಕೆಲಸ ಮಾಡುವುದನ್ನು ನಾನು ಕಂಡಿಲ್ಲ. ನೆಂಟರು ಹೇಳುವುದೂ ಅದೇ ಬಗೆಯದು: ಅವರ ಮುಜುಗರ ಕಳೆಯಲು ನೀವು ಸಮಾಧಾನವಾಗಬೇಕು.

ತುಂಬೆಹೂ ಅವರೇ, ನಿಮ್ಮ ಎರಡೂ ಬರಹಗಳು ಹನ್ನೊಂದು ಗಂಟೆ ಕಳೆದ ಮೇಲಿನವು, ಅದು ನನ್ನ ಕಣ್ಣಿಗೆ ಬಿತ್ತು. ನಿದ್ದೆ ಬಾರದಿದ್ದರೆ, ಅಳು ನಿಲ್ಲದಿದ್ದರೆ, ಯಾವುದೂ ಬೇಡ ಎನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. ರೋಗಿಯನ್ನು ನೋಡಿಕೊಳ್ಳುವವರಿಗೂ ಅದು ಇದೆ.

ಹಳೇಸೇತುವೆ · ಗುರುವಾರ, ಬೆಳಿಗ್ಗೆ 5:00

ನನ್ನನ್ನು ಉಪದೇಶಕ ಎಂದು ಕರೆದಾಗಿದೆ, ಆದ್ದರಿಂದ ಇನ್ನೊಂದನ್ನು ಹೇಳಿಯೇ ಬಿಡುತ್ತೇನೆ. ನಮ್ಮಲ್ಲಿ ನಿಂದಾಸ್ತುತಿ ಎಂಬುದಿದೆ. ದೇವರನ್ನು ಕೃಪಣ, ಕಳ್ಳ, ಕಣ್ಣಿಲ್ಲದವನು, ಕಿವಿ ಕೇಳದವನು ಎಂದೆಲ್ಲ ಬೈದು ಹಾಡುವುದು. ಹರಿದಾಸರು ಅದನ್ನು ಗೆಜ್ಜೆ ಕಟ್ಟಿ ಬೀದಿಯಲ್ಲೇ ಹಾಡಿದರು, ನಮ್ಮ ಅಜ್ಜಿಯರು ಅದನ್ನು ಭಜನೆಯಲ್ಲಿ ಹಾಡಿ ಮಂಗಳಾರತಿ ಎತ್ತಿದರು. ಶ್ಲೋಕ ಮಾತ್ರ ಉಳಿಸಿಕೊಂಡನೇ ಎಂದು ತಂಗಿ ಕೇಳಿದ್ದಾರಲ್ಲ, ಅದಕ್ಕೆ ತಾಳ ಹಾಕಿದರೆ ಒಳ್ಳೆಯ ನಿಂದಾಸ್ತುತಿಯೇ ಆಗುತ್ತದೆ. ಬೈಯಿರಿ ತಂಗಿ. ಅವನಿಗೆ ಅಭ್ಯಾಸವಿದೆ. ನಾಮಸ್ಮರಣೆಯನ್ನು ಮಾತ್ರ ಬಿಡಬೇಡಿ, ಈ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ನೇರನುಡಿ · ಗುರುವಾರ, ಬೆಳಿಗ್ಗೆ 9:20

ಹಿರಿಯರೇ, ಈ ಪ್ರಕಾರದಲ್ಲಾದರೆ ನಾನೂ ಭಕ್ತನೇ.

ತುಂಬೆಹೂ · ಗುರುವಾರ, ರಾತ್ರಿ 8:40

ಕಿಟಕಿಬಾಗಿಲು ಅವರೇ, ಗಡಿಯಾರ ನೋಡಿಕೊಂಡೇ ಬರೆಯುತ್ತಿದ್ದೇನೆ, ಇಂದು ಎಂಟೂವರೆ! ಆ ಸಂಖ್ಯೆಯನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೇನೆ.

ವಾಕ್ ಚಿಕಿತ್ಸಕರ ಸಮಯ ಸೋಮವಾರಕ್ಕೆ ಸಿಕ್ಕಿದೆ. "ನೀರು" ಇನ್ನೂ ಬಂದಿಲ್ಲ. ಇಂದು ಬೆಳಿಗ್ಗೆ ಶ್ಲೋಕವಾದ ಮೇಲೆ ನಾನು ಲೋಟ ತೋರಿಸಿದಾಗ ಅತ್ತೆ ಎರಡನೆಯ ಸಲ ಶ್ಲೋಕವನ್ನೇ ಹೇಳಿದರು. ಯಜಮಾನರು ನಕ್ಕರು, ಅತ್ತೆಯೂ ನಕ್ಕರು, ಅರ್ಧ ಬಾಯಲ್ಲಿ. ನೀರು ಕೊಟ್ಟೆ.

ದೀಪ ಹಚ್ಚಿದಾಗ ಏನು ಹೇಳುತ್ತೇನೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ನಿನ್ನೆ ಕಡಲತಡಿಯವರು ಹೇಳಿದಂತೆ ದೂರು ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಮಗಳು ಒಳಗಿನಿಂದ "ಅಮ್ಮ, ಯಾರ ಜೊತೆ ಜಗಳ?" ಎಂದಳು. ಆದರೆ ಒಂದನ್ನು ಮಾಡಿದೆ. ಅತ್ತೆಯನ್ನು ಮಹಡಿಯಿಂದ ಹೊತ್ತು ಇಳಿಸಿ ಆಸ್ಪತ್ರೆಗೆ ಕರೆದೊಯ್ದ ಕೆಳಗಿನ ಮನೆಯ ಹುಡುಗನಿಗೆ ಈವರೆಗೆ ನಾವು ಒಂದು ಮಾತೂ ಹೇಳಿರಲಿಲ್ಲ, ಆ ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು. ಇಂದು ಸಂಜೆ ಪಾಯಸ ಮಾಡಿ ಕೊಟ್ಟು ಬಂದೆ. ಅವನು ನಾಚಿಕೊಂಡು ಬಾಗಿಲ ಹಿಂದೆಯೇ ನಿಂತಿದ್ದ. ಮೊದಲ ಬಟ್ಟಲನ್ನು ದೇವರ ಮುಂದಿಟ್ಟೇ ಕೊಟ್ಟೆ, ನೇರನುಡಿಯವರು ಕ್ಷಮಿಸಬೇಕು.

ಇನ್ನು ಮುಂದೆ "ಇಷ್ಟರಲ್ಲೇ ಹೋಯಿತಲ್ಲ" ಎನ್ನುವ ನೆಂಟರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸ ಕೊಡಬೇಕೆಂದಿದ್ದೇನೆ.

ರಾತ್ರಿಪಾಳಿ · ಗುರುವಾರ, ರಾತ್ರಿ 9:00

ಕೊಡಿ. ಸೊಂಟ ಉಳುಕಿಸಿಕೊಳ್ಳದೆ ಮಾಡುವುದು ಹೇಗೆ ಎಂದು ಮೊದಲು ತೋರಿಸಿಕೊಡಿ.

ನೇರನುಡಿ · ಗುರುವಾರ, ರಾತ್ರಿ 9:25

ಕ್ಷಮಿಸಿದ್ದೇನೆ. ನಾನು ಗಣಿತದ ಮೇಷ್ಟ್ರು. ಮಗಳಿಗೆ ಎಸ್ಸೆಸ್ಸೆಲ್ಸಿ ಎಂದಿರಿ. ಭಾನುವಾರದ ಬೆಳಿಗ್ಗೆ ವಿಡಿಯೊ ಕರೆಯಲ್ಲಿ ಪಾಠ ಹೇಳಿಕೊಡುತ್ತೇನೆ, ಶುಲ್ಕ ಬೇಡ. ಒಂದೇ ಷರತ್ತು: ಇದಕ್ಕೆ ಧನ್ಯವಾದ ನನಗೇ ಬರಬೇಕು, ಮೇಲಕ್ಕೆ ಹೋಗಬಾರದು.

ತುಂಬೆಹೂ · ಗುರುವಾರ, ರಾತ್ರಿ 9:40

ಇಬ್ಬರಿಗೂ ಹೇಳುತ್ತೇನೆ ಮೇಷ್ಟ್ರೇ, ಅದರಲ್ಲಿ ಚೌಕಾಸಿ ಇಲ್ಲ. ಹತ್ತು ಗಂಟೆ ಆಗಬಹುದೇ? ತ್ರಿಕೋನಮಿತಿಯಿಂದ ಆರಂಭಿಸಬೇಕಂತೆ.